ಅಮರೇಶ್ವರ ಯಾರ ಪರ?

ಅಮೆರಿಕದ ಕೆಂಡಲ್ ಪಾರ್ಕಿನಲ್ಲಿರುವ ಅಮರೇಶ್ವರ ಟಿವಿಯಲ್ಲಿ ಜಪಾನಿನ ಸುಮೋ ಕುಸ್ತಿ ಹಾಕಿದರೆಂದರೆ, ಗರಡಿಮನೆ ಹೊಕ್ಕವರಂತೆ ಸಾಕ್ಸ್ ಕಳಚಿ, ಕಾರ್ಪೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತಾವು ಯಾರ ಪರ ಎಂಬುದು ಮಾತ್ರ ಅವರಿಗೇ ಬಗೆಹರಿದಿಲ್ಲ. ಮಂಗೋಲಿಯಾದವನು ಎದುರಾಳಿಯನ್ನು ಎತ್ತಿ ಒಗೆದರೆ "ಭಲೇ ಪೈಲ್ವಾನ!" ಎಂದು ತೊಡೆ ತಟ್ಟುತ್ತಾರೆ, ಮರುಗಳಿಗೆಯೇ "ಛೇ, ಹೊರಗಿನವ್ರು ಬಂದು ಜಪಾನಿನವ್ರ ಪಟ್ಟಾ ಎಲ್ಲಾ ಹೊಡ್ಕೊಂಡ್ರಲ್ಲಾ" ಎಂದು ಹಲುಬುತ್ತಾರೆ. ಹೆಂಡತಿ ಸ್ಮಿತಾ "ನಾವೂ ಹೊರಗಿನವ್ರ ಅಲ್ಲೇನ್ರೀ?" ಎಂದರೆ, "ನಮ್ಮ ಹತ್ರ ವೀಸಾ ಐತಲ್ಲ!" ಎಂದು ಗದರುತ್ತಾರೆ. ಮೊನ್ನೆ ಸೋತ ಜಪಾನಿನ ಹಿರಿಯ ಜಟ್ಟಿಯೊಬ್ಬ, ತನ್ನನ್ನು ಕೆಡವಿದ ಮಂಗೋಲಿಯಾದ ಹುಡುಗನಿಗೆ ತಲೆಬಾಗಿ ಹೊರನಡೆದಾಗ, ಅಮರೇಶ್ವರ ತಟ್ಟನೆ ಟಿವಿ ಆರಿಸಿಬಿಟ್ಟರು. ಆಫೀಸಿನಲ್ಲಿ ಇವರು ಬಂದದ್ದರಿಂದ ಕೆಲಸ ಕಳೆದುಕೊಂಡರೂ ಆ ಕೆಲಸವನ್ನೆಲ್ಲ ತಾನೇ ಇವರಿಗೆ ಕಲಿಸಿ, ಕೊನೆಯ ದಿನ ತನ್ನ ಕುರ್ಚಿಯನ್ನೂ ಇವರ ಎತ್ತರಕ್ಕೆ ಇಳಿಸಿಕೊಟ್ಟು ಹೋದ ಅಮೆರಿಕದವನೇ ಆದ ಫ್ರ್ಯಾಂಕ್ ನೆನಪಾಗಿದ್ದ. "ಯಾರ್ ಗೆದ್ರು?" ಎಂದಳು ಸ್ಮಿತಾ ಅಡುಗೆಮನೆಯಿಂದ. "ಗೊತ್ತಾಗ್ಲಿಲ್ಲ" ಎಂದರು.