ಮಂಚಕ್ಕೆ ತಾಗಿದ ಮೊಣಕಾಲು

೧೯೭೯ರಲ್ಲಿ ನನಗೆ ಇಪ್ಪತ್ತೆಂಟು ವರ್ಷ. ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ವಾಸ ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ಕಾರ್ಮಿಕರಾಗಿದ್ದ ತಂದೆಗೆ ದೊರೆತಿದ್ದ ಸಾಲುಮನೆಯಲ್ಲಿ. ಆ ವರ್ಷ ಮಗಳು ಹುಟ್ಟಿದಳು. ಕಳೆದ ವಾರ ತಿಗಣೆಯ ಕಾಟಕ್ಕೆ ಹಳೆಯ ಬೇವಿನ ಮಂಚದ ಸಂದುಗಳಿಗೆ ಸೀಮೆಎಣ್ಣೆ ಹಚ್ಚುತ್ತಿದ್ದಾಗ, ಆ ವಾಸನೆಯೊಡನೆ ಅತ್ತೆ ನೆನಪಾದರು. ಬಾಣಂತಿಗೆಂದು ಆ ಮಂಚವನ್ನು ಬಂಗಾರಪೇಟೆಯಿಂದ ಗಾಡಿಯಲ್ಲಿ ಹೇರಿಸಿ ತಂದವರು ಅವರೇ...

ಅವರು ನನ್ನ ತಂದೆಯ ತಂಗಿ. ನಾನು ಬಂಗಾರಪೇಟೆಯಲ್ಲಿ ಓದುತ್ತಿದ್ದಾಗ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು. ಮುಂದೆ ತಮ್ಮ ಮಗಳನ್ನು ಕೊಟ್ಟು ನನ್ನನ್ನು ಅಳಿಯನನ್ನಾಗಿ ಮಾಡಿಕೊಂಡವರು. ಸೋದರತ್ತೆಯ ಮಗಳನ್ನು ಬಿಟ್ಟು ಹೊರಗೆ ಹೆಣ್ಣು ನೋಡುವುದು ನಮ್ಮಲ್ಲಿ ಅವಮಾನದ ಮಾತಾಗಿತ್ತು. ಅತ್ತೆಗೆ ಮೊದಲೊಬ್ಬ ಮಗನಿದ್ದು, ಎಳವೆಯಲ್ಲೇ ಜ್ವರದಿಂದ ತೀರಿಕೊಂಡನೆಂದು ಕೇಳಿದ್ದೆ. ತಾಯಿಯಿಲ್ಲದ ನಾನು ಅವರ ಯಾವ ಮಾತನ್ನೂ ಅನುಮಾನಿಸಿದವನಲ್ಲ.

ಮಗು ತೆವಳುವ ಕಾಲಕ್ಕೆ ಹೆಂಡತಿಗೆ ಸಂಶಯ ಹುಟ್ಟಿತು. ಗಣಿಯ ಸೈರನ್ ಊರನ್ನೆಲ್ಲ ಎಬ್ಬಿಸುವಂತೆ ಕೂಗಿದರೂ ಮಲಗಿದ ಮಗು ಕದಲುತ್ತಿರಲಿಲ್ಲ.

"ದಿನಾ ಕೂಗೋದ್ನ ಯಾರ್ ಕೇಳ್ತಾರೆ ಬಿಡು. ನಿನ್ ಗಂಡ ದಿನಾ ಪಾಠ ಒದರ್ತಾನೆ, ನೀನೇನ್ ಕೇಳ್ತೀಯಾ?" ಎಂದು ಅತ್ತೆ ನಗಿಸಿದರು.

ನೆಲವೂ ಅವರ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ನಮ್ಮ ಮನೆಗಳು ನಡುಗಿ, ಗೂಡಿನ ಪಾತ್ರೆಗಳು ಅದುರುತ್ತಿದ್ದವು. ಮಗು ಆಗ ಬೆಚ್ಚಿಬಿದ್ದು ಅಳುತ್ತಿತ್ತು. "ನೋಡಪ್ಪ ಮೇಷ್ಟ್ರು! ಭೂಮಿ ಒಳಗಿನ ಸದ್ದೇ ಕೇಳ್ತೈತೆ, ಇವಳಿಗೆ ಕಿವಿ ಇಲ್ವಂತೆ!" ಎನ್ನುತ್ತಿದ್ದರು ಅತ್ತೆ. ಮೈಗೆ ತಾಗಿದ ಅದುರನ್ನು ನಾವು ಕಿವಿಗೆ ಬಿದ್ದ ಸದ್ದೆಂದು ನಂಬಿದೆವು.

ಆದರೂ ಒಂದು ಪರೀಕ್ಷೆಯಾಗಲೆಂದೆ. ಅತ್ತೆ ಮಗುವನ್ನು ಮಂಚದ ಮೇಲೆ ಗೋಡೆಗೆ ಮುಖಮಾಡಿ ಕೂರಿಸಿದರು. ಹಿಂದೆ ನಿಂತು "ಚಿನ್ನೀ" ಎಂದು ಕರೆದರು. ಮಗು ಥಟ್ಟನೆ ತಿರುಗಿತು. ಮತ್ತೆ ಕರೆದರು, ಮತ್ತೆ ತಿರುಗಿತು. ನನ್ನ ಕಣ್ಣು ಮಗುವಿನ ಮೇಲಿತ್ತು, ಅವರ ಕಾಲಿನ ಮೇಲಲ್ಲ...

"ಎಣ್ ಕೂಸ್ನ ಆಸ್ಪತ್ರೆ ಆಸ್ಪತ್ರೆ ಸುತ್ಸಿ ಮಾನ ಕಳೀಬ್ಯಾಡ. ಮಾತು ಬತ್ತೈತೆ" ಎಂದರು. ನಾವು ಕಾದೆವು.

ಮಾತು ಬರಲಿಲ್ಲ. ಮೂರು ತುಂಬಿದ ಮೇಲೆ ಬೆಂಗಳೂರಿಗೆ ಕರೆದೊಯ್ದಾಗ, ಮಗು ಹುಟ್ಟಿನಿಂದಲೇ ಏನನ್ನೂ ಕೇಳಿಲ್ಲವೆಂದು ವೈದ್ಯರು ತಿಳಿಸಿದರು. ಹಾಗಾದರೆ ಅತ್ತೆ ಕರೆದಾಗ ತಿರುಗಿದ್ದು ಹೇಗೆಂಬುದು ನನಗೆ ಬಗೆಹರಿಯಲಿಲ್ಲ. ಮೊದಲ ವರ್ಷದಲ್ಲೇ ತಂದಿದ್ದರೆ ಕಿವಿಗೆ ಯಂತ್ರವಿಟ್ಟು ಮಾತು ಕಲಿಸುವುದು ಎಷ್ಟೋ ಸುಲಭವಾಗುತ್ತಿತ್ತು. ಮಾತು ಬೇರೂರುವ ಕಾಲ ಬಹುಪಾಲು ಕಳೆದಿದೆ ಎಂದರು. ನಮ್ಮದು ಸಂಬಂಧದಲ್ಲೇ ಆದ ಮದುವೆಯೆಂದು ತಿಳಿದು, ತಂದೆತಾಯಿಗಳ ಕಿವಿ ಚೆನ್ನಾಗಿದ್ದರೂ ಇಬ್ಬರ ರಕ್ತದಲ್ಲೂ ಒಂದೇ ದೋಷ ಅಡಗಿದ್ದು ಮಗುವಿನಲ್ಲಿ ಕೂಡಿಕೊಳ್ಳಬಹುದೆಂದು ವಿವರಿಸಿ, ವಂಶದಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು. ಜೊತೆಗೆ ಬಂದಿದ್ದ ಅತ್ತೆ, "ಯಾರೂ ಇಲ್ಲ ಸಾಮಿ" ಎಂದರು.

ಅದೇ ಬೇಸಿಗೆಯಲ್ಲಿ ಅತ್ತೆಯ ಗಂಡನ ಅಣ್ಣ ತೀರಿಕೊಂಡರು. ಅವರ ಮನೆಯಿದ್ದದ್ದು ಕಾಮಸಮುದ್ರದ ಬಳಿ. ಅತ್ತೆ ನಮ್ಮನ್ನು ಅಲ್ಲಿಗೆ ಎಂದೂ ಕರೆದೊಯ್ದಿರಲಿಲ್ಲ, ಅಂದೂ ಬೇಡವೆಂದರು. ತಿಥಿಯ ದಿನವಾದ್ದರಿಂದ ನಾವು ಕೇಳದೆ ಹೊರಟೆವು. ಜಗಲಿಯ ಮಂಚದ ಮೇಲೆ ನನ್ನ ವಯಸ್ಸಿನವನೊಬ್ಬ ನಮಗೆ ಬೆನ್ನುಮಾಡಿ ಕುಳಿತಿದ್ದ. ಊಟಕ್ಕೆಬ್ಬಿಸಲು ಬಂದ ಆ ಮನೆಯ ಸೊಸೆ ಕೂಗಲಿಲ್ಲ. ಮೊಣಕಾಲಿನಿಂದ ಮಂಚವನ್ನು ಮೆಲ್ಲನೆ ನೂಕಿದಳು. ಅವನು ಥಟ್ಟನೆ ತಿರುಗಿದ.

ಯಾರೆಂದು ಕೇಳಿದೆ.

"ನಿಮ್ಮತ್ತೆ ಮಗ ಅಲ್ವಾ ಮೇಷ್ಟ್ರೇ? ಉಟ್ಟಿದಾಗ್ಲಿಂದ ಕಿವಿ ಇಲ್ಲ. ಚಿಕ್ಕೋನಿದ್ದಾಗ್ಲೇ ಇಲ್ಲಿ ಬಿಟ್ಟೋದ್ರಂತೆ. ಇಂಗೆ ಕರೀಬೇಕು ಅಂತ ನಿಮ್ಮತ್ತೇನೇ ಎಲ್ಲಾರ್ಗೂ ಕಲ್ಸಿದ್ದಂತೆ."

ಹೆಂಡತಿ ತಾಯಿಯನ್ನು ಹಿತ್ತಲಿಗೆ ಕರೆದಳು. ನಾನೂ ಹಿಂದೆ ಹೋದೆ. "ನಂಗೊಬ್ಬ ಅಣ್ಣ ಅವ್ನೇನಮ್ಮ?"

"ಏಳಿದ್ರೆ ನಿನ್ನ ಯಾರ್ ಮಾಡ್ಕೊತಿದ್ರು? ಈ ಮೇಷ್ಟ್ರು ಮಾಡ್ಕೊತಿದ್ನಾ?"

"ಮದುವೆಗೆ ಮುಚ್ಚಿಟ್ಟಿರಿ, ಆಗಲಿ ಅತ್ತೆ. ಮಗು ಹುಟ್ಟಿದ ಮೇಲೂ ಯಾಕೆ?" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಎಲ್ಲಿಗೋದ್ರೂ ಕಿವಿ ಬರಾಕಿಲ್ಲ ಕಣಪ್ಪ, ನಾನ್ ಸುತ್ತಿಲ್ವಾ? ಗೊತ್ತಾದ್ರೆ ನನ್ ಮಗಳ್ನ ತಂದು ಬಿಟ್ಬಿಡ್ತೀಯಾ ಅಂತ..."

ನನ್ನನ್ನು ಸಾಕಿದವರು ನನ್ನನ್ನು ಅಷ್ಟೇ ತಿಳಿದಿದ್ದರು. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದೆ. ಅಳು ಬರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ ಅವರು ಕಲಸಿ ಹಾಕುತ್ತಿದ್ದ ಹುರುಳಿಸಾರಿನ ಅನ್ನ ನೆನಪಾಗಿ...

ರಕ್ತದ ದೋಷಕ್ಕೆ ನಾನು ಅವರನ್ನು ದೂರುವುದಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು. ದೂರುವುದು ಅಂದು ಮಗುವಿನ ಹಿಂದೆ ಮಂಚಕ್ಕೆ ತಾಗಿದ ಆ ಮೊಣಕಾಲನ್ನು. ಕಳೆದ ವಾರ ಮಂಚವನ್ನು ಒಳಗಿಟ್ಟ ಮೇಲೆ ಮಗಳು ಅದರ ಮೇಲೆ ಕುಳಿತು, ಬೆನ್ನುಮಾಡಿ, ತಲೆ ಬಾಚಿಕೊಳ್ಳುತ್ತಿದ್ದಳು. ಹಾದುಹೋಗುವಾಗ ನನ್ನ ಕಾಲು ಮಂಚಕ್ಕೆ ತಾಗಿತು. ಅವಳು ಥಟ್ಟನೆ ತಿರುಗಿ, ಏನೆಂದು ಕೈಯಲ್ಲಿ ಕೇಳಿದಳು. ಏನಿಲ್ಲವೆಂದು ಕೈಯಾಡಿಸಿದೆ. ಅವಳು ಧ್ವನಿಗೆ ತಿರುಗಿದ್ದು ಒಮ್ಮೆಯೂ ಇಲ್ಲವೆಂಬುದು ನನಗೆ ಖಚಿತವಾದದ್ದು ಕಾಮಸಮುದ್ರದ ಆ ಜಗಲಿಯಲ್ಲಿ, ೧೯೮೨ರ ಮೇ ೨೩, ಭಾನುವಾರ.