ಇನ್ನೂ ಹೆಸರಿಡದ ಕ್ಲಬ್ಬಿಗೆ ಹುಲ್ಲು ಹಾಸಬೇಕಿದ್ದವರು

ಹೋದ ವಾರ ಇಲ್ಲಿ ಬಹ್ರೇನಿನ ಅದ್ಲಿಯಾದಲ್ಲಿ ಹಲ್ಲಿನ ಡಾಕ್ಟರನ್ನು ಕಂಡು ಟ್ಯಾಕ್ಸಿಯಲ್ಲಿ ವಾಪಸು ಬರುತ್ತಿದ್ದೆ. ಸಿಗ್ನಲ್ ಪಕ್ಕದ ಸಣ್ಣ ಹಸಿರು ತುಂಡಿನಲ್ಲಿ ಇಬ್ಬರು ಯಂತ್ರ ತಳ್ಳಿಕೊಂಡು ಹುಲ್ಲು ಕತ್ತರಿಸುತ್ತಿದ್ದರು. ಅರ್ಧ ಇಳಿಸಿದ್ದ ಕಿಟಕಿಯಿಂದ ವಾಸನೆ ಒಳಗೆ ಬಂತು. ಹಸಿ ಹುಲ್ಲು, ಪೆಟ್ರೋಲು, ಒದ್ದೆ ಮರಳು, ಮೂರೂ ಕೂಡಿಕೊಂಡದ್ದು. ಡ್ರೈವರ್ ಕಿಟಕಿ ಏರಿಸಿದ. ಇಂಜೆಕ್ಷನ್ನಿಗೆ ನನ್ನ ಅರ್ಧ ಬಾಯಿ ಮರಗಟ್ಟಿತ್ತು, ಬೇಡ ಅನ್ನಲೂ ಆಗಲಿಲ್ಲ. ನನ್ನ ಆಫೀಸಿರುವ ಹೂರಾ ಬರುವವರೆಗೂ ಕಣ್ಣು ಮುಚ್ಚಿ ಕೂತೆ. ಕಾಕನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬಂದದ್ದು ಅವರ ಪ್ಯಾಂಟಿನ ಅಂಚು ಮಾತ್ರ…

ಕಾಕ ನನಗೆ ಸಂಬಂಧದವರಲ್ಲ. ನಾನು ತುಮಕೂರು ಕಡೆಯವಳು. ಕರಾವಳಿಯ ಬ್ಯಾರಿ ಜನ ವಯಸ್ಸಾದವರನ್ನು ಹಾಗೆ ಕರೆಯುತ್ತಾರೆ ಅಂತ ತಿಳಿದದ್ದೇ ಗಂಡನ ಕೆಲಸದ ಹಿಂದೆ ಬಹ್ರೇನಿಗೆ ಬಂದ ಮೇಲೆ. ಎಲ್ಲರೂ ಕಾಕ ಅನ್ನುತ್ತಿದ್ದರು, ನಾನೂ ಅಂದೆ.

ಆಗ ನಾನು ಹೂರಾದ ಒಂದು ಟೈಪಿಂಗ್ ಆಫೀಸಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಗೋಡೆಯಾಚೆ ಒಂದು ಸಲೂನು. ಅರೇಬಿಕ್, ಇಂಗ್ಲಿಷ್ ಫಾರಂ ತುಂಬಲು ಬಾರದವರು ಎದುರಿಗೆ ಕೂತು ಹೇಳುತ್ತಾರೆ, ನಾವು ಟೈಪು ಮಾಡುತ್ತೇವೆ. ಕಾಕ ಮೊದಲ ಸಲ ಬಂದದ್ದು ಸಿಪಿಆರ್ ಅನ್ನುವ ಇಲ್ಲಿನ ಗುರುತಿನ ಕಾರ್ಡಿನ ವಿಳಾಸ ಬದಲಿಸಲು. ಎದ್ದು ಹೋದ ಮೇಲೆ ಕುರ್ಚಿಯ ಕೆಳಗೆ ಅವರ ಪ್ಯಾಂಟಿನ ಅಂಚಿನಿಂದ ಉದುರಿದ ಹುಲ್ಲಿನ ಎಸಳುಗಳು ಬಿದ್ದಿದ್ದವು. ಹೂರಾದಲ್ಲಿ ನೆಲಕ್ಕೆ ಬೀಳುವುದು ಧೂಳು ಮಾತ್ರ, ಅದಕ್ಕೇ ನನಗೆ ನೆನಪು ಉಳಿಯಿತು.

ರಿಫಾ ಕಡೆಯ ಒಂದು ಫುಟ್‌ಬಾಲ್ ಮೈದಾನದ ಹುಲ್ಲು ನೋಡಿಕೊಳ್ಳುವುದು ಅವರ ಕೆಲಸ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ಮಾಡಿದ್ದರು. ಆಟದ ಬಗ್ಗೆ ಅವರಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ, ಯಾರು ಗೆದ್ದರು ಅಂತ ಕೇಳಿದರೆ ಯೋಚಿಸಿ ಹೇಳುತ್ತಿದ್ದರು. ಹುಲ್ಲಿನ ಮಾತು ಬಂದರೆ ಮಾತ್ರ ಟೋಕನ್ ಹಿಡಿದು ಕಾಯುತ್ತಿದ್ದವರೆಲ್ಲ ತಿರುಗಿ ನೋಡಬೇಕು, ಹಾಗೆ ಮಾತಾಡುತ್ತಿದ್ದರು.

"ಎಲ್ರೂ ಬಿಸಿಲು ಬಿಸಿಲು ಅಂತ ಹೇಳ್ತಾರೆ ಮಗಳೇ. ಬಿಸಿಲಿಂದ ಎಂತ ಆಗುದಿಲ್ಲ. ಇಲ್ಲಿ ಹುಲ್ಲನ್ನು ಕೊಲ್ಲುದು ಅಡಿಯಿಂದ ಬರುವ ಉಪ್ಪು. ಮೇಲೆ ಹಸಿರಾಗಿಯೇ ಕಾಣ್ತದೆ. ಬರಿ ಕಾಲಲ್ಲಿ ನಡೆದ್ರೆ ಮಾತ್ರ ಗೊತ್ತಾಗುದು."

ಬೇಸಿಗೆಯಲ್ಲಿ ಪೈಪಿನ ನೀರು ಕಾಯುವ ಮೊದಲೇ ಹಾಯಿಸಬೇಕೆಂದು ಅವರು ದಿನವೂ ಬೆಳಗಿನ ನಮಾಜು ಮುಗಿಸಿದವರೇ ಮೈದಾನಕ್ಕೆ ಹೋಗುತ್ತಿದ್ದರು. ಚಪ್ಪಲಿ ಬಿಟ್ಟು ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ನಡೆಯುವುದು, ಪಾದಕ್ಕೆ ಎಲ್ಲಿ ಒರಟು ತಾಗುತ್ತದೋ ಅಲ್ಲಿ ನಿಲ್ಲುವುದು… ಒಮ್ಮೆ ಹೀಗೆ ನಡೆಯುವುದನ್ನು ಕಂಡು ಒಬ್ಬ ಆಸ್ಟ್ರೇಲಿಯಾದವನು ತನ್ನ ಶೂಗಳನ್ನೂ ಬಿಚ್ಚಿ ಅವರ ಹಿಂದೆ ನಡೆದನಂತೆ. ಮೈದಾನ ಸರಿಪಡಿಸಲು ಎರಡು ವರ್ಷದ ಮಟ್ಟಿಗೆ ಕರೆಸಿದ್ದ ಮ್ಯಾನೇಜರು ಅವನು. ಕಾಕ ಅವನನ್ನು ಇಲ್ಲಿನ ರೂಢಿಯಂತೆ ಮುದೀರ್ ಅನ್ನುತ್ತಿದ್ದರು. ಅವನು ತನ್ನ ದೇಶಕ್ಕೆ ಮರಳಿದ ಮೇಲೂ ಇಬ್ಬರ ನಡುವೆ ಫೋನಿನಲ್ಲಿ ಹುಲ್ಲಿನ ಫೋಟೋಗಳು ಓಡಾಡುತ್ತಿದ್ದವು. ಕಾಕನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರಿಬ್ಬರಿಗೂ ಫೋಟೋ ಸಾಕಾಗುತ್ತಿತ್ತು.

ಒಂದು ಮಧ್ಯಾಹ್ನ ಕಾಕ ಬಂದು ಫೋನನ್ನು ನನ್ನ ಮುಂದೆ ಇಟ್ಟರು. "ಓದು. ನನಗೆ ಅರ್ಥ ಆದದ್ದು ಸರಿಯಾ ನೋಡು."

ಮುದೀರನ ಪತ್ರ. ಆಸ್ಟ್ರೇಲಿಯಾದ ಒಂದು ಊರಿಗೆ ಹೊಸ ವೃತ್ತಿಪರ ಫುಟ್‌ಬಾಲ್ ಕ್ಲಬ್ ಬರುತ್ತಿದೆ, ಅಲ್ಲಿನ ದೊಡ್ಡ ಲೀಗಿನಲ್ಲಿ ಆಡಲು ಅನುಮತಿ ಸಿಕ್ಕಿದೆ. ಇನ್ನೂ ಆಟಗಾರರಿಲ್ಲ, ಕೋಚ್ ಇಲ್ಲ, ಬಾವುಟದ ಬಣ್ಣ ಗೊತ್ತಾಗಿಲ್ಲ, ಹೆಸರೂ ಇಟ್ಟಿಲ್ಲ. ಇರುವುದು ಬರೀ ನೆಲ. ಆ ನೆಲದ ಜವಾಬ್ದಾರಿ ನನ್ನದು, ನನಗೆ ನೀವು ಬೇಕು, ವೀಸಾಕ್ಕೆ ಕ್ಲಬ್ಬೇ ನಿಂತು ಅರ್ಜಿ ಹಾಕಿಸುತ್ತದೆ ಅಂತ ಬರೆದಿದ್ದ. ಕೊನೆಯಲ್ಲಿ ಇನ್ನೊಂದು ಸಾಲು: ಹೆಂಡತಿಯನ್ನೂ ಕರೆದುಕೊಂಡು ಬನ್ನಿ.

ಆ ಸಾಲನ್ನು ಕಾಕ ಎರಡು ಸಲ ಓದಿಸಿದರು. ಅವರ ಸಂಬಳಕ್ಕೆ ಇಲ್ಲಿ ಕುಟುಂಬದ ವೀಸಾ ಸಿಗುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದದ್ದು ರಜೆಗಳಲ್ಲಿ ಮಾತ್ರ. ಮಕ್ಕಳಾಗಿರಲಿಲ್ಲ. ಹೆಂಡತಿ ಉಪ್ಪಿನಂಗಡಿ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಮನೆಯ ಪಕ್ಕ ಒಬ್ಬರೇ ಇದ್ದರು.

"ಹೆಸರು ಇಡ್ಲಿಕ್ಕೆ ಮೊದಲು ಹುಲ್ಲು ಹಾಕ್ಲಿಕ್ಕೆ ಕರೀತಾರಲ್ಲ," ಅಂದು ಕಾಕ ನಕ್ಕರು. ನಗುವಾಗ ಅವರು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಅರ್ಜಿ ತುಂಬಲು ಮೂರು ದಿನ ಹಿಡಿಯಿತು. ಹಳೆಯ ಪಾಸ್‌ಪೋರ್ಟುಗಳು, ಮದುವೆಯ ಕಾಗದ, ಕೆಲಸದ ಪತ್ರಗಳು. ಮೂರನೆಯ ದಿನ ಆರೋಗ್ಯದ ಪ್ರಶ್ನೆಗಳು ಬಂದವು. ನಿಮಗೆ ಎಂದಾದರೂ ಕ್ಷಯ ಬಂದಿತ್ತೇ? ಹೌದು, ಇಲ್ಲ, ಎರಡು ಚೌಕ. ನಾನು ಕನ್ನಡದಲ್ಲಿ ಹೇಳಿದೆ. ಕಾಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬಂದಿತ್ತು. ಹದಿನಾಲ್ಕು ವರ್ಷ ಆಯ್ತು. ರಜೆಯಲ್ಲಿ ಊರಿಗೆ ಹೋದಾಗ. ಆರು ತಿಂಗಳು ಮಾತ್ರೆ ತಿಂದಿದ್ದೇನೆ, ಒಂದು ದಿನವೂ ಬಿಡ್ಲಿಲ್ಲ. ಇಲ್ಲಿ ಕಾಲು ಮುರಿದಿದೆ ಅಂತ ಹೇಳಿದ್ದೆ. ಗೊತ್ತಾದ್ರೆ ಪುನಃ ಬರ್ಲಿಕ್ಕೆ ಬಿಡ್ತಿರಲಿಲ್ಲ." ನನ್ನ ಮುಖ ನೋಡಿದರು. "ಎಂತ ಬರೀಲಿಕ್ಕೆ ಮಗಳೇ? ನೀನು ಹೇಳಿದ ಹಾಗೆ."

ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ನನಗೆ ಆ ದೇಶದ ಕಾನೂನು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬಹುದಿತ್ತು, ಮುದೀರನನ್ನು ಕೇಳಿ ಅನ್ನಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ಹಮ್ಮು ಇತ್ತೋ ಏನೋ…

"ವಾಸಿಯಾಗಿ ಇಷ್ಟು ವರ್ಷ ಆಯ್ತಲ್ಲ ಕಾಕಾ. ಸುಮ್ನೆ ಯಾಕೆ ತೊಂದರೆ? ಇಲ್ಲ ಅಂತಲೇ ಹಾಕೋಣ," ಅಂದೆ. 'ಇಲ್ಲ' ಒತ್ತಿದೆ.

ಆಮೇಲಿನ ಎರಡು ತಿಂಗಳು ಅವರು ಪ್ರತಿ ವಾರವೂ ಬಂದರು. ಕ್ಲಬ್ಬಿಗೆ ಏನಿಡಬೇಕೆಂದು ಅಲ್ಲಿನವರು ಮೂರು ಹೆಸರು ಕೊಟ್ಟು ಜನರ ಮತ ಕೇಳಿದ್ದರು. ಕಾಕ ನನ್ನ ಕಂಪ್ಯೂಟರಿನಿಂದ ಒಂದಕ್ಕೆ ಮತ ಹಾಕಿಸಿದರು. ಅದು ಸೋತಿತು, ಪರವಾಗಿಲ್ಲ ಅಂದರು. ಬಣ್ಣ ತಿಳಿಯಿತು, ಕೋಚ್ ಬಂದ, ಮೊದಲ ಆಟಗಾರ ಸಹಿ ಹಾಕಿದ. ಇವೆಲ್ಲ ಅವರಿಗೆ ಸಣ್ಣ ಸುದ್ದಿಗಳು. ಮುದೀರ್ ಕಳಿಸುತ್ತಿದ್ದ ಅಗೆದ ಮಣ್ಣು, ನೆಲದಡಿ ಹಾಕುವ ಕೊಳವೆ, ಚಾಪೆಯಂತೆ ಸುರುಳಿ ಸುತ್ತಿ ಲಾರಿಯಲ್ಲಿ ಬಂದ ಹುಲ್ಲು, ಈ ಫೋಟೋಗಳನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ಒಮ್ಮೆ ಒಂದು ಮೂಲೆ ತೋರಿಸಿ, "ಇಲ್ಲಿ ನೀರು ನಿಲ್ತದೆ ಅಂತ ಬರಿ," ಅಂದರು. ಬರೆದೆ. ಮರುವಾರ ಆ ಮೂಲೆಯನ್ನು ಮತ್ತೆ ಅಗೆದಿದ್ದ ಫೋಟೋ ಬಂತು. ಅವತ್ತು ಆಫೀಸಿನಲ್ಲಿದ್ದವರಿಗೆಲ್ಲ ಕಾಕ ಕರಕ್ ಚಹಾ ತರಿಸಿದರು.

ರಿಫಾದ ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟುಬಿಟ್ಟಿದ್ದರು. ವೀಸಾ ಕೈಗೆ ಬರಲಿ ಕಾಕಾ ಅಂತ ನಾನು ಹೇಳಿದ್ದೆ. "ಬೇಸಿಗೆ ಬರ್ತಾ ಉಂಟು. ಹೊಸಬ ಬಂದು ಕಲೀಲಿಕ್ಕೆ ಟೈಮ್ ಬೇಡವಾ? ಹುಲ್ಲನ್ನು ಹಾಗೇ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?" ಅಂದರು. ಹೊಸಬನಿಗೆ ತಾವೇ ಒಂದು ತಿಂಗಳು ಕೆಲಸ ಹೇಳಿಕೊಟ್ಟರು.

ವೀಸಾದ ವೈದ್ಯಕೀಯ ಪರೀಕ್ಷೆಯ ಎಕ್ಸ್‌ರೇಯಲ್ಲಿ ಎದೆಯ ಮೇಲ್ಭಾಗದಲ್ಲಿ ವಾಸಿಯಾದ ಕ್ಷಯದ ಹಳೆಯ ಕಲೆ ಕಾಣಿಸಿತು. ಕಫ ಪರೀಕ್ಷೆ ಮಾಡಿಸಿ ಅಂದರು. ಕಾಕ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ. ಆ ದಿನ ಇಬ್ಬರೂ ಇನ್ನು ಪಾರಾದೆವು ಅಂದುಕೊಂಡೆವು. ಮೂರು ವಾರಕ್ಕೆ ಪತ್ರ ಬಂತು.

ನಾನು ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಕಾಯಿಲೆಯ ಕಾರಣಕ್ಕೆ ಅವರು ಬೇಡ ಅಂದಿರಲಿಲ್ಲ. ಹಿಂದೆ ಬಂದು ವಾಸಿಯಾದ ಕಾಯಿಲೆ ದೊಡ್ಡ ವಿಷಯವೇ ಅಲ್ಲ ಅನ್ನುವುದು ಆ ಇಂಗ್ಲಿಷಿನಲ್ಲೇ ತಿಳಿಯುತ್ತಿತ್ತು. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟಿದ್ದಾರೆ, ಅದಕ್ಕಾಗಿ ಅರ್ಜಿ ತಿರಸ್ಕರಿಸಿದೆ, ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಅಂತ ಇತ್ತು. ಅಂದರೆ ನನ್ನ ಆ ಒಂದು 'ಇಲ್ಲ'.

ಕಾಕ ಮೇಜಿನ ಮೇಲೆ ಎರಡೂ ಕೈ ಇಟ್ಟು ಕಾಯುತ್ತಿದ್ದರು.

"ಎದೆಯಲ್ಲಿ ಕಲೆ ಇದೆಯಂತೆ ಕಾಕಾ… ಅದಕ್ಕೆ ಕೊಡಲಿಲ್ಲವಂತೆ," ಅಂದೆ.

ಅವರು ಅಂಗಿಯ ಮೇಲಿನಿಂದಲೇ ಎದೆ ಮುಟ್ಟಿಕೊಂಡರು. "ಇರ್ಲಿ," ಅಂದರು. ಆಮೇಲೆ ನನ್ನ ಕಣ್ಣು ನೋಡಿ, "ನೀನ್ಯಾಕೆ ಅಳುದು? ನನ್ನ ಮೈಯೊಳಗಿನ ದೋಷಕ್ಕೆ ನೀನು ಎಂತ ಮಾಡ್ಲಿಕ್ಕಾಗ್ತದೆ?" ಅಂದರು.

ಆಗಲಾದರೂ ಹೇಳಬಹುದಿತ್ತು. ಜೆರಾಕ್ಸಿಗೆ ಬಂದವನೊಬ್ಬ ಪಾಸ್‌ಪೋರ್ಟು ಮುಂದೆ ಚಾಚಿದ. ನಾನು ಎದ್ದು ಮೆಷಿನ್ನಿನ ಹತ್ತಿರ ಹೋದೆ.

ಕ್ಲಬ್ಬಿನ ಮೊದಲ ಪಂದ್ಯ ಒಂದು ಶನಿವಾರ ಇತ್ತು. ನಮಗೆ ಬೆಳಿಗ್ಗೆ ಹನ್ನೊಂದು, ಅಲ್ಲಿ ಸಂಜೆ. ಕಾಕ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟೆ. ದೀಪದ ಬೆಳಕಿನಲ್ಲಿ ಮೈದಾನ ಹೊಳೆಯುತ್ತಿತ್ತು, ಅಷ್ಟು ಜನ, ಹೊಸ ಬಣ್ಣದ ಅಂಗಿಗಳು, ಎತ್ತಿ ಹಿಡಿದ ಶಾಲುಗಳು. ಜನ ಕೂಗಿದಾಗಲೂ ಕಾಕನ ಕಣ್ಣು ಚೆಂಡಿನ ಹಿಂದೆ ಹೋಗಲಿಲ್ಲ. ಆಟಗಾರ ಜಾರಿದ ಕಡೆ ಹುಲ್ಲು ಕಿತ್ತು ಬಂತೇ ಅಂತ ಬಾಗಿ ನೋಡುತ್ತಿದ್ದರು. ಬರಲಿಲ್ಲ. ಹೊಸ ಕ್ಲಬ್ಬು ಸೋತಿತು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಬೇರು ಹಿಡಿದಿದೆ," ಅಂದರು, ಎದ್ದು ನಿಂತು. "ಮುದೀರ್ ಒಳ್ಳೆ ಕೆಲಸ ಮಾಡಿದ್ದಾನೆ."

ರಿಫಾದ ಮೈದಾನದಲ್ಲಿ ಅವರಿಗೆ ಮತ್ತೆ ಜಾಗವಿರಲಿಲ್ಲ. ಅವರೇ ಕಲಿಸಿದ ಹೊಸಬ ಚೆನ್ನಾಗಿ ಮಾಡುತ್ತಿದ್ದ. ಕಾಕ ಕೆಲವು ತಿಂಗಳು ವಿಲ್ಲಾಗಳ ತೋಟಕ್ಕೆ ನೀರು ಹಾಯಿಸಿದರು. ಆ ಬೇಸಿಗೆ ಅವರನ್ನು ತುಂಬ ಬಳಲಿಸಿತು. ಊರಿಗೆ ಹೊರಡುವ ಮುಂಚೆ ಬಂದು ಊರಿನ ನಂಬರು ಬರೆದುಕೊಟ್ಟರು. "ಮಂಗಳೂರು ಕಡೆ ಬಂದ್ರೆ ಮನೆಗೆ ಬರ್ಬೇಕು," ಅಂದರು. ಹ್ಞೂಂ ಅಂದೆ. ಎರಡು ಸಲ ಮಂಗಳೂರಿನಲ್ಲೇ ಇಳಿದೆ, ಹೋಗಲಿಲ್ಲ. ಹೋದರೆ ಹೇಳಬೇಕಾಗುತ್ತದಲ್ಲ…

ಹೋದ ವಾರ ಅದ್ಲಿಯಾದಿಂದ ಬಂದವಳು ಬಾಯಿಯ ಜೋಮು ಬಿಡುವವರೆಗೆ ಕಾದು, ಆ ನಂಬರಿಗೆ ಫೋನ್ ಮಾಡಿದೆ. ಹೇಳಿಯೇ ಬಿಡಬೇಕು ಅಂದುಕೊಂಡಿದ್ದೆ. ಎತ್ತಿದ್ದು ಒಬ್ಬ ಹೆಂಗಸು. ನಾನು ಯಾರೆಂದು ಹೇಳಿದೆ. ಆಕೆ ತಡವರಿಸುವ ಕನ್ನಡದಲ್ಲಿ, "ಅವರು ಹೋಗಿ ಎಂಟು ತಿಂಗಳಾಯ್ತು," ಅಂದರು. ಹೃದಯಾಘಾತ. ಬೆಳಿಗ್ಗೆ ನಮಾಜಿಗೆ ಹೊರಟವರು ಮೆಟ್ಟಿಲಲ್ಲೇ ಕೂತರಂತೆ.

ಆಕೆಯೇ ಮುಂದುವರಿಸಿದರು.

"ನೀವು ಕಾಗದ ಬರ್ದುಕೊಟ್ಟವರಲ್ವಾ? ನಿಮ್ಮತ್ರ ಒಂದು ಕೇಳ್ಬೇಕು ಅಂತ ಇತ್ತು. ಆಸ್ಟ್ರೇಲಿಯಾದ್ದು ಯಾಕೆ ಆಗ್ಲಿಲ್ಲ? ನನ್ನತ್ರ ಅವ್ರು ಹೇಳ್ಲೇ ಇಲ್ಲ. ಎಷ್ಟು ಕೇಳಿದ್ರೂ 'ಬಿಟ್ಟೆ' ಅಂತ ಮಾತ್ರ ಹೇಳುದು."

ಎಕ್ಸ್‌ರೇಯಲ್ಲಿ ಕಂಡ ಆ ಕಲೆ ನನಗೆ ನೆನಪಾಯಿತು. ಹಳೆಯ ಕಾಯಿಲೆ ಮರಳಿತೆಂದು ಹೆಂಡತಿ ಹೆದರುತ್ತಾರೆಂದು ಅವರು ಅದನ್ನು ಹೇಳಿರಲಿಕ್ಕಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಪ್ರಶ್ನೆ, ಎರಡು ಚೌಕ, ನಾನು ಒತ್ತಿದ್ದು, ಪತ್ರದಲ್ಲಿ ಇದ್ದದ್ದು, ನಾನು ಓದಿ ಹೇಳಿದ್ದು. ಬೈಯಲಿ ಅಂತ ಕಾದೆ. ಆ ಕಡೆ ಒಂದು ಕೋಳಿ ಕೂಗುತ್ತಿತ್ತು.

"ಹಾಗಾದ್ರೆ ನನ್ನಿಂದ ಅಲ್ಲ," ಅಂದರು ಕೊನೆಗೆ.

ನನಗೆ ಅರ್ಥವಾಗಲಿಲ್ಲ. ಆಕೆ ಅಳುತ್ತಿದ್ದರು. "ನಾನು ಫೋನಿನಲ್ಲಿ ಒಂದು ದಿನ ಹೇಳಿದ್ದೆ, ಅಷ್ಟು ದೂರ ಬರುದಿಲ್ಲ, ಭಾಷೆ ಬರುದಿಲ್ಲ, ನನಗೆ ಹೆದರಿಕೆ ಆಗ್ತದೆ ಅಂತ. ಮತ್ತೆ ಸ್ವಲ್ಪ ದಿನದಲ್ಲೇ ಅವ್ರು ಬಿಟ್ಟೆ ಅಂತ ಹೇಳಿದ್ದು. ನನಗೋಸ್ಕರ ಬಿಟ್ರು ಅಂತ ಇಷ್ಟು ವರ್ಷ… ಅವ್ರು ಅಂಗಳದಲ್ಲಿ ಸುಮ್ನೆ ಕೂತದ್ದು ನೋಡಿದಾಗೆಲ್ಲ ನನಗೆ…"

ಒಂದೇ ಮನೆಯಲ್ಲಿ, ಅಷ್ಟು ವರ್ಷ ಕಾದ ಮೇಲೆ ಒಟ್ಟಿಗೆ ಸಿಕ್ಕಿದ ಕೊನೆಯ ದಿನಗಳಲ್ಲಿ, ಅವರು ತಮ್ಮ ಎದೆಯನ್ನು ದೂರಿಕೊಂಡರು, ಈಕೆ ತಮ್ಮ ಮಾತನ್ನು ದೂರಿಕೊಂಡರು. ನಾನು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಆಕೆ ನನ್ನನ್ನು ಬೈಯಲೂ ಇಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಫೋನ್ ಮಾಡಿದ್ದು ಒಳ್ಳೆಯದಾಯಿತು ಅಂದು ಇಟ್ಟರು.

ಇದನ್ನು ಬರೆಯುತ್ತಿರುವಾಗ ಗೋಡೆಯಾಚೆ ಸಲೂನಿನಲ್ಲಿ ಯಾರೋ ಜೋರಾಗಿ ನಗುತ್ತಿದ್ದಾರೆ. ಎದುರಿನ ಕುರ್ಚಿ ಖಾಲಿ ಇದೆ. ಕಾಕನಿಗೆ ಹೇಳಬೇಕಿದ್ದದ್ದನ್ನು ಅವರ ಹೆಂಡತಿಗೆ ಹೇಳಿದೆ, ಆಕೆಯ ಮನಸ್ಸು ಒಂದಿಷ್ಟು ಹಗುರವಾಗಿದ್ದರೆ ಸಂತೋಷ. ಆದರೆ ಅದು ಕಾಕನಿಗೆ ಹೇಳಿದಂತಾಗಲಿಲ್ಲ. ಅವರು ತಮ್ಮ ಎದೆಯ ಕಲೆಯನ್ನೇ ನಂಬಿಕೊಂಡು ಹೋದರು.