ನಮ್ಮ ಜೋಳದ ಹೊಲಕ್ಕೆ ಇಳಿದ ವಿಮಾನ

ನಾನು ಚಿಕ್ಕವನಿದ್ದಾಗ ವಿಮಾನವೆಂದರೆ ಆಕಾಶದಲ್ಲಿ ಬೆಳ್ಳಗೆ ಮಿಂಚಿ ಮರೆಯಾಗುವ ಒಂದು ಚುಕ್ಕೆ, ಅಷ್ಟೆ. ಅಂಥದ್ದೊಂದು ನಮ್ಮ ಹೊಲಕ್ಕೇ ಇಳಿಯಿತೆಂದರೆ ನೀವು ನಂಬಲಿಕ್ಕಿಲ್ಲ.

ಮಂಠಾಳದ ಆಚೆ ನಮ್ಮ ಎರೆಹೊಲ. ರಾಶಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಒಂದು ದಿನ ಬೆಳಿಗ್ಗೆ ನಾನೂ ಅಕ್ಕನೂ ಅಪ್ಪನಿಗೆ ಬುತ್ತಿ ಒಯ್ದಿದ್ದೆವು. ತಲೆಯ ಮೇಲೆ ಗುರುಗುಟ್ಟುತ್ತಿದ್ದ ಸದ್ದು ಒಮ್ಮೆಲೇ ನಿಂತುಹೋಯಿತು. ಪುಟ್ಟ ವಿಮಾನವೊಂದು ಬೇವಿನ ಮರದ ನೆತ್ತಿ ಸವರಿದಂತೆ ಬಂದು, ಹೊಲದಲ್ಲಿ ಕುಪ್ಪಳಿಸಿ, ಧೂಳಿನಲ್ಲಿ ಮುಳುಗಿ ನಿಂತಿತು. ಎತ್ತುಗಳು ಹಗ್ಗ ಹರಿದುಕೊಂಡು ಓಡಿದವು.

ಧೂಳು ಅಡಗಿದಾಗ ಇಳಿದು ಬಂದವಳು ಒಬ್ಬ ಹೆಂಗಸು. ಒಬ್ಬಳೇ! ಬಿಸಿಲಿಗೆ ಮುಖ ಕೆಂಪಾಗಿತ್ತು. ಅಕ್ಕ ನೀರಿನ ತಂಬಿಗೆ ಚಾಚಿದಳು. ಆಕೆ ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡು ನಕ್ಕಳು.

ಶಾಲೆಯ ಮಾಸ್ತರರು ಬಂದು ಇಂಗ್ಲಿಷಿನಲ್ಲಿ ಮಾತಾಡಿದ ಮೇಲೆ ವಿಷಯ ತಿಳಿಯಿತು. ಬೊಂಬಾಯಿಯಿಂದ ಹೈದರಾಬಾದಿಗೆ ಹೊರಟಿದ್ದಳಂತೆ. ಪೆಟ್ರೋಲಿನ ಕೊಳವೆಯಲ್ಲಿ ಕಸ ಸಿಕ್ಕಿತ್ತಂತೆ. ಅಲ್ಲಿಂದ ಮುಂದೆ ಭೂಮಧ್ಯರೇಖೆಯ ಆಚೆ ಇರುವ ತನ್ನ ದೇಶಕ್ಕೆ ಹೋಗುವವಳಂತೆ.

“ಆ ಗೆರಿ ಮ್ಯಾಲಿಂದ ಕಾಣ್ತದೇನ್ರಿ?” ಅಪ್ಪ ಕೇಳಿದ.

“ಗೆರಿ ನಕಾಶೆದಾಗ ಅಷ್ಟೇ ಅದ. ಅಲ್ಲಿ ಬರೀ ಸಮುದ್ರ,” ಎಂದರು ಮಾಸ್ತರರು.

“ಒಬ್ಬಾಕೀನೇ ಸಮುದ್ರ ದಾಟ್ತಾಳಾ? ಅಂಜಿಕಿ ಆಗಲ್ಲಂತ?” ಅಕ್ಕನಿಗೆ ತಡೆಯಲಾಗಲಿಲ್ಲ.

ಮಾಸ್ತರರು ಆಕೆಯನ್ನು ಕೇಳಿ ಹೇಳಿದರು: “ಆಗ್ತದಂತ. ಆದ್ರ ಎಣ್ಣಿ ನೋಡಬೇಕು, ಗಾಳಿ ನೋಡಬೇಕು, ನಕಾಶೆ ನೋಡಬೇಕು. ಅಂಜ್ಕೋತ ಕೂಡಲಿಕ್ಕ ಪುರಸೊತ್ತಿಲ್ಲಂತ.”

ಮಧ್ಯಾಹ್ನದ ಹೊತ್ತಿಗೆ ತೋಳು ಮಡಚಿ ಆಕೆಯೇ ಎಂಜಿನ್ನು ಸರಿಮಾಡಿದಳು. ಹತ್ತಿರದ ಕಲ್ಯಾಣ ಪಟ್ಟಣದಿಂದ ಜೀಪಿನಲ್ಲಿ ಬಂದ ಸಾಹೇಬರು ಕಾಗದ ನೋಡಿ, ಹೋಗಲು ಅಡ್ಡಿಯಿಲ್ಲ ಎಂದರು. ಆದರೆ ಹಾರುವುದು ಹೇಗೆ? ನೆಲದ ತುಂಬ ಚೂಪಾದ ಜೋಳದ ಕೂಳೆ, ಕಾಲು ಹೂತುಹೋಗುವಂಥ ಬಿರುಕು. ಓಡಲು ಹೊಲದ ಉದ್ದವೂ ಸಾಲದು. ಬದುವಿನ ಆಚೆ ದೊಡ್ಡಪ್ಪನ ಹೊಲ. ಆ ಬದುವಿನ ಜಗಳದಿಂದಲೇ ಅಪ್ಪನಿಗೂ ದೊಡ್ಡಪ್ಪನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಮೇಲೆ ನೋಡಿದರೆ ಮೋಡ ಕಟ್ಟುತ್ತಿತ್ತು. ಎರೆಮಣ್ಣು ಒಮ್ಮೆ ನೆನೆದರೆ ವಿಮಾನ ಕೆಸರಿನಲ್ಲೇ ಹುಗಿದುಹೋಗುತ್ತಿತ್ತು.

ಅಪ್ಪ ಬದುವಿನವರೆಗೆ ನಡೆದ. ಆಚೆ ದೊಡ್ಡಪ್ಪ ನಿಂತಿದ್ದ. ಅಪ್ಪ ಬದುವನ್ನು ಕಾಲಿನಿಂದ ತಟ್ಟಿ ಕೇಳಿದ.

“ಅಣ್ಣಾ, ಇದನ್ನ ಒಡೀಲೇನು?”

ದೊಡ್ಡಪ್ಪ ಹೆಗಲ ಮೇಲಿನ ಟವೆಲು ತಲೆಗೆ ಸುತ್ತಿಕೊಂಡ. “ಕೇಳ್ತಿ ಯಾಕ? ನೀ ಆ ಕಡಿಂದ ಅಗಿ, ನಾ ಈ ಕಡಿಂದ ಅಗೀತೀನಿ.”

ಊರಿಗೆ ಊರೇ ಇಳಿಯಿತು. ಹೆಂಗಸರು ಸಾಲಾಗಿ ಬಗ್ಗಿ ಕೂಳೆ ಕಿತ್ತರು. ನಾವು ಹುಡುಗರು ಬುಟ್ಟಿಯಲ್ಲಿ ಮಣ್ಣು ಹೊತ್ತು ಬಿರುಕು ಮುಚ್ಚಿದೆವು. ಅದರ ಮೇಲೆ ಕಲ್ಲು ಹೇರಿದ ಬಂಡಿಗಳನ್ನು ಹೊಡೆದು ನೆಲ ಗಟ್ಟಿಮಾಡಿದರು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಉರಿ ಗೊತ್ತಾದದ್ದು ಮನೆಗೆ ಹೋದ ಮೇಲೆಯೇ.

ಹೊತ್ತು ಇಳಿಯುವಾಗ ಅವ್ವ ಕಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ವಿಮಾನ ಗುಡುಗಿ ಓಡಿತು. ಕೊನೆಯ ಹತ್ತು ಮಾರು ಉಳಿದಾಗಲೂ ಚಕ್ರ ನೆಲ ಬಿಟ್ಟಿರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಳು. “ಎದ್ದಿತು! ಎದ್ದಿತು!” ಎಂದು ದೊಡ್ಡಪ್ಪ ಕೂಗಿದ. ಆಕೆ ನಮ್ಮ ಮೇಲೆ ಒಂದು ಸುತ್ತು ಬಂದು, ರೆಕ್ಕೆ ಬಾಗಿಸಿ, ಮೂಡಣಕ್ಕೆ ತಿರುಗಿದಳು. ನಾವು ಮನೆ ಮುಟ್ಟುವ ಮುನ್ನವೇ ದಪ್ಪ ಹನಿ ಬಿದ್ದವು.

ಕೆಲವು ತಿಂಗಳ ಮೇಲೆ ಮಾಸ್ತರರಿಗೆ ಆಕೆಯ ಪತ್ರ ಬಂತು. ಭೂಮಧ್ಯರೇಖೆ ದಾಟುವಾಗ ಕೆಳಗೆಲ್ಲ ಮೋಡವಂತೆ. ಗಡಿಯಾರ ನೋಡಿ ಲೆಕ್ಕ ಹಾಕಿ ಗೆರೆ ದಾಟಿದ್ದನ್ನು ತಿಳಿದುಕೊಂಡಳಂತೆ. ಆಗ ಅವ್ವನ ಕೊನೆಯ ರೊಟ್ಟಿ ಮುರಿದು ತಿಂದಳಂತೆ. ಅವ್ವ ಆ ಪತ್ರವನ್ನು ಮೂರು ಸಲ ಓದಿಸಿ ಕೇಳಿದಳು.

ಮೊಮ್ಮಕ್ಕಳೇ, ನಿಮಗೀಗ ಭೂಮಧ್ಯರೇಖೆ ಮೊಬೈಲಿನಲ್ಲಿ ಬೆರಳ ತುದಿಗೇ ಬರುತ್ತದೆ. ಬೀದರಿನಿಂದಲೇ ವಿಮಾನ ಹತ್ತುತ್ತೀರಿ. ನನ್ನನ್ನೂ ಕರೆದುಕೊಂಡು ಹೋದಿರಲ್ಲ, ಅಂದು “ಮುತ್ಯಾ, ಇದನ್ನ ನಡಸೋರು ಯಾರು?” ಎಂದು ಕೇಳಿದಿರಿ. ನಡೆಸುವವರು ಕೂತ ಮುಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಅವರ ಮುಖ ಕಾಣಲಿಲ್ಲ. ನಿಮ್ಮ ವಯಸ್ಸಿನಲ್ಲಿ ನಾನು ವಿಮಾನ ಹತ್ತಿದವನಲ್ಲ. ಆದರೆ ನಡೆಸುವವಳ ಮುಖವನ್ನು ಮೊಳ ದೂರದಿಂದ ನೋಡಿದ್ದೆ.